ಪರದೆಯ ಕೋಚ್, ಮೈದಾನದ ಕೋಚ್

ಮೊನ್ನೆ ಬಿ.ಸಿ.ರೋಡಿನಲ್ಲಿ ಬೆಳ್ತಂಗಡಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಜಡಿಮಳೆ. ಪಕ್ಕದಲ್ಲಿ ಮೂವರು ಹುಡುಗರು. ಕೆಸರುಗದ್ದೆಯಲ್ಲಿ ಫುಟ್‌ಬಾಲ್ ಆಡಿ ಬಂದವರು, ಮೊಣಕಾಲಿನ ತನಕ ಮಣ್ಣು. ಮಾತು ಮಾತ್ರ 'ಬಿಗಿಲ್' ಸಿನಿಮಾದ್ದು!

"ಕೋಚ್ ಅಂದ್ರೆ ವಿಜಯ್ ಥರ ಇರ್ಬೇಕು ಮಾರಾಯ" ಅಂದ ಒಬ್ಬ.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಅದರಲ್ಲಿ ಐ.ಎಂ.ವಿಜಯನ್ ಅಂತ ಇದ್ದಾರಲ್ಲ, ಯಾರು ಗೊತ್ತುಂಟಾ?" ಎಂದೆ.

"ಗೊತ್ತುಂಟು ಸಾರ್, 'ತಿಮಿರು' ವಿಲನ್!"

ವಿಲನ್ ಅಂತೆ! ಭಾರತ ಕಂಡ ಬಹು ದೊಡ್ಡ ಗೋಲುಗಾರ ಆತ. ಸರಿ, ಆ ವಿಜಯನ್ ಜೊತೆ ಆಡುತ್ತಿದ್ದ ನಮ್ಮ ಬೆಂಗಳೂರಿನ ಹುಡುಗ ಕಾರ್ಲ್‌ಟನ್ ಚಾಪ್‌ಮನ್? ಮೂವರೂ ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ಬಸ್ಸು ಬಂತು. ಅವರಿಗೆ ಹೇಳಲಾಗದ್ದನ್ನು ನಿಮಗೆ ಹೇಳಿಬಿಡುತ್ತೇನೆ.

ಚಾಪ್‌ಮನ್ ಹುಟ್ಟಿದ್ದು 1971ರಲ್ಲಿ. ಆಟದಲ್ಲಿ ಪಳಗಿದ್ದು ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ. 1993ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡ ಎದುರಾಯಿತು. ಇರಾಕಿನವರು ಅಂದರೆ ಆಗ ನಮ್ಮವರಿಗೆ ನಡುಕ. ಫಲಿತಾಂಶ? ಈಸ್ಟ್ ಬೆಂಗಾಲ್ 6, ಅಲ್ ಜವ್ರಾ 2. ಆರರಲ್ಲಿ ಮೂರು ಗೋಲು ಈ ಬೆಂಗಳೂರು ಹುಡುಗನದ್ದು! ಹ್ಯಾಟ್ರಿಕ್!

ಅದಕ್ಕಿಂತ ವಿಶೇಷ ಏನು ಗೊತ್ತೇ? ಗೋಲು ಹೊಡೆಯುವುದು ಚಾಪ್‌ಮನ್‌ರ ಕೆಲಸವೇ ಅಲ್ಲ. ಅವರು ಮಿಡ್‌ಫೀಲ್ಡರ್. ಎದುರಾಳಿಯಿಂದ ಚೆಂಡು ಕಸಿದು, ತಲೆಯೆತ್ತಿ ನೋಡಿ, ಮುಂದಿನವನ ಕಾಲಿಗೆ ಮುಟ್ಟಿಸಬೇಕು. ಶಿಳ್ಳೆ ಬೀಳುವುದು ಮುಂದಿನವನಿಗೆ. ಸಿನಿಮಾದಲ್ಲಿ ಹೀರೋ ಹೊಡೆದಾಟ ಮಾಡುತ್ತಾನೆ, ಸ್ಟಂಟ್ ಮಾಸ್ಟರನ್ನು ಯಾರು ಕೇಳುತ್ತಾರೆ ಹೇಳಿ!

ಆಮೇಲೆ ಪಂಜಾಬಿನ ಜೆಸಿಟಿ. ಅಲ್ಲಿ ವಿಜಯನ್, ಬೈಚುಂಗ್ ಭುಟಿಯಾ, ಚಾಪ್‌ಮನ್ ಒಟ್ಟಿಗೆ. 1996-97ರ ಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಅವರದೇ ಪಾಲಾಯಿತು. 1997ರಲ್ಲಿ ಕಠ್ಮಂಡುವಿನಲ್ಲಿ ಭಾರತ ಸ್ಯಾಫ್ ಕಪ್ ಗೆದ್ದಾಗ ನಾಯಕ ಚಾಪ್‌ಮನ್. ನಡುವೆ ವಿಜಯನ್ ಜೊತೆ ಎಫ್.ಸಿ. ಕೊಚ್ಚಿನ್, ಮತ್ತೆ ಈಸ್ಟ್ ಬೆಂಗಾಲ್. 2001ರಲ್ಲಿ ಮತ್ತೊಂದು ಲೀಗ್ ಗೆದ್ದು ಬೂಟು ಬಿಚ್ಚಿದರು. ವಯಸ್ಸು ಮೂವತ್ತು.

ಮೂವತ್ತಕ್ಕೆ ಆಟಗಾರ ಮುದುಕ. ನಮ್ಮ ಹೀರೋಗಳಿಗೆ ಅರವತ್ತಾದರೂ ಕಾಲೇಜು ಹುಡುಗನ ಪಾರ್ಟು, ಅದು ಬೇರೆ ವಿಚಾರ!

ವಿಜಯನ್‌ಗೆ ಪರದೆ ಸಿಕ್ಕಿತು. ಚಾಪ್‌ಮನ್ ಕೊರಳಿಗೆ ಸೀಟಿ ಹಾಕಿಕೊಂಡರು. ತಾವು ಕಲಿತ ಟಾಟಾ ಅಕಾಡೆಮಿಯಲ್ಲೇ ಹುಡುಗರಿಗೆ ಕಲಿಸಿದರು. ಮುಂದೆ ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋ, ಕಲ್ಕತ್ತೆಯ ಭವಾನಿಪುರ, ದೆಹಲಿಯ ಸುದೇವ, ಕೊನೆಗೆ ಕೋಳಿಕ್ಕೋಡಿನ ಕ್ವಾರ್ಟ್ಜ್. ಹೆಸರು ಕೇಳಿದ್ದೀರಾ? ನಿಮ್ಮ ತಪ್ಪಲ್ಲ. ಟಿವಿ ಕ್ಯಾಮೆರಾ ಅಷ್ಟಾಗಿ ಹೋಗದ ಜಾಗ ಅವೆಲ್ಲ. ಈಸ್ಟ್ ಬೆಂಗಾಲ್‌ನಲ್ಲಿ ಸಾವಿರಗಟ್ಟಲೆ ಜನರ ಕೂಗು ಕೇಳಿದ ಕಿವಿಗೆ ಇಲ್ಲಿ ತನ್ನದೇ ಸೀಟಿ. ಎಡಗಾಲಲ್ಲಿ ಪಾಸ್ ಕೊಡಲು ಬಾರದ ಹದಿನಾರರ ಹುಡುಗನಿಗೆ ನೂರು ಸಲ ಅದನ್ನೇ ಹೇಳಬೇಕು. ಅವನು ಕಲಿತು ದೊಡ್ಡ ಕ್ಲಬ್ಬಿಗೆ ಹೋದರೆ, ಮತ್ತೊಬ್ಬನಿಗೆ ಮೊದಲಿನಿಂದ ಶುರು. 'ಬಿಗಿಲ್'ನಲ್ಲಾದರೆ ಮೂರು ಗಂಟೆಯೊಳಗೆ ಕಪ್ ಕೈಗೆ ಬರುತ್ತದೆ. ಇಲ್ಲಿ ಇಂಟರ್‌ವಲ್ಲೇ ಬರುವುದಿಲ್ಲ.

ಇದನ್ನು ಸೋಲು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆಡುವಾಗಲೂ ಚಾಪ್‌ಮನ್ ಮಾಡಿದ್ದು ಇದೇ ತಾನೇ? ಚೆಂಡನ್ನು ಮುಂದಿನವನಿಗೆ ಮುಟ್ಟಿಸುವುದು! ನನಗೆ ಬೇಸರ ಬೇರೆ. ಬಂಟ್ವಾಳದಿಂದ ಮೂಡಬಿದಿರೆ ತನಕ ಯಾವ ಬಸ್ಸು ಹತ್ತಿದರೂ ಮೆಸ್ಸಿಯ ಹೆಸರಿನ ಅಂಗಿ ಕಾಣುತ್ತದೆ. ನಮ್ಮ ರಾಜ್ಯದಿಂದಲೇ ಹೋಗಿ ಭಾರತದ ನಾಯಕನಾದವನ ಹೆಸರು ಕೇಳಿದರೆ ಹುಡುಗರು ಮುಖ ಮುಖ ನೋಡುತ್ತಾರೆ.

2019ರ ದೀಪಾವಳಿಗೆ 'ಬಿಗಿಲ್' ಬಂತು. ಒಂದು ವರ್ಷ ತುಂಬುವ ಮೊದಲೇ, 2020ರ ಅಕ್ಟೋಬರ್ 12ರಂದು, ಚಾಪ್‌ಮನ್ ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ನಲವತ್ತೊಂಬತ್ತು ವರ್ಷ. ಆಗಲೂ ಅವರು ಕೋಳಿಕ್ಕೋಡಿನ ಹುಡುಗರ ಗುರು.

ಬಿ.ಸಿ.ರೋಡಿನ ಆ ಮೂವರು ಇದನ್ನು ಓದಿದರೆ ಒಂದು ಕಾರ್ಡು ಹಾಕಿ ಮಾರಾಯ್ರೆ. ಗದ್ದೆಯಲ್ಲಿ ಗೆದ್ದವರು ಯಾರು ಅಂತ ಕೇಳುವುದೇ ಮರೆತುಹೋಯಿತು.