ಔಷಧಿ ದೊರೆಯಿತು, ಊಟಕ್ಕೇನು?

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಹಳ್ಳಿಗಳಿಂದ ಕ್ಯಾನ್ಸರ್ ರೋಗಿಯನ್ನು ಕರೆದುಕೊಂಡು ಬೆಂಗಳೂರಿಗೆ ಹೊರಡುವ ಬಡ ಕುಟುಂಬಗಳಿಗೆ ಹಿಂದೆ ಎದುರಾಗುತ್ತಿದ್ದ ಮೊದಲ ಪ್ರಶ್ನೆ ಚಿಕಿತ್ಸೆಯ ವೆಚ್ಚದ್ದು. ಆ ಭಾರ ಇಂದು ಬಹುಮಟ್ಟಿಗೆ ಇಳಿದಿದೆ. 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಆಸ್ಪತ್ರೆ ಬಡವರ ಪಾಲಿಗೆ ಮೊದಲಿನಿಂದಲೂ ಆಸರೆಯಾಗಿದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು ಅರ್ಹ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯನ್ನು ಭರಿಸುತ್ತದೆ. 2023ರ ಜೂನ್ ತಿಂಗಳಿನಿಂದ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣವೂ ಉಚಿತವಾಗಿದೆ. ಇವೆಲ್ಲಕ್ಕೂ ನಾವು ಕೃತಜ್ಞರು. ಆದರೆ ಚಿಕಿತ್ಸೆ ಮುಗಿಸಿ ಸಂಜೆ ಮನೆಗೆ ಮರಳಿದ ರೋಗಿಯ ತಟ್ಟೆಯಲ್ಲಿ ಏನಿದೆಯೆಂದು ಕೇಳುವವರು ಮಾತ್ರ ಇಲ್ಲ.

ಒಳರೋಗಿಯಾಗಿ ದಾಖಲಾದವರಿಗೆ ಆಸ್ಪತ್ರೆಯೇ ಊಟ ಕೊಡುತ್ತದೆ. ಆದರೆ ಕ್ಯಾನ್ಸರ್ ಚಿಕಿತ್ಸೆಯ ಹೆಚ್ಚಿನ ಕಾಲ ಹಾಸಿಗೆಯ ಮೇಲೆ ಕಳೆಯುವಂಥದಲ್ಲ. ಕಿಮೊಥೆರಪಿಯ ಒಂದು ಸರದಿಗೂ ಮತ್ತೊಂದಕ್ಕೂ ನಡುವೆ ಎರಡು ಮೂರು ವಾರಗಳ ಬಿಡುವಿರುತ್ತದೆ. ಆ ವಾರಗಳೆಲ್ಲ ಮನೆಯಲ್ಲೇ. ಬಾಯಿ, ಗಂಟಲುಗಳ ಕ್ಯಾನ್ಸರಿಗೆ ನೀಡುವ ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ 5 ದಿನಗಳಂತೆ 6ರಿಂದ 7 ವಾರ ನಡೆಯುತ್ತದೆ. ಪಾವಗಡದಿಂದ ಬೆಂಗಳೂರಿಗೆ ಸುಮಾರು 150 ಕಿಲೋಮೀಟರು. ದಿನವೂ ಹೋಗಿಬರುವುದು ಅಸಾಧ್ಯ. ನಗರದಲ್ಲೇ ಎಲ್ಲಿಯಾದರೂ ತಂಗಬೇಕು, ಹೋಟೆಲಿನಲ್ಲೇ ಉಣ್ಣಬೇಕು. ದುಡಿಯುವ ಕೈಗಳಲ್ಲಿ ಒಂದು ಹಾಸಿಗೆ ಹಿಡಿದಿರುತ್ತದೆ, ಮತ್ತೊಂದು ಅದರ ಆರೈಕೆಗೆ ನಿಂತಿರುತ್ತದೆ. ಕೂಲಿಯೇ ನಿಂತ ಮನೆಯಲ್ಲಿ ಮೊದಲು ಕಡಿತವಾಗುವುದು ಹಾಲು, ಮೊಟ್ಟೆ ಮತ್ತು ಬೇಳೆ. ಪಡಿತರದ ಅಕ್ಕಿ ಹೊಟ್ಟೆ ತುಂಬಿಸೀತು. ಈ ರೋಗದೊಡನೆ ಸೆಣಸುವ ದೇಹಕ್ಕೆ ಅದೊಂದೇ ಸಾಲದು.

ಪೌಷ್ಟಿಕ ಆಹಾರವೆಂಬುದು ಇಲ್ಲಿ ಭೋಗದ ವಸ್ತುವಲ್ಲ. ಆರೋಗ್ಯವಂತನಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಸುಮಾರು 0.8 ಗ್ರಾಂ ಪ್ರೋಟೀನ್ ಸಾಕಾದರೆ, ಕ್ಯಾನ್ಸರ್ ರೋಗಿಗೆ 1ರಿಂದ 1.5 ಗ್ರಾಂವರೆಗೂ ಬೇಕೆಂದು ಆಹಾರತಜ್ಞರು ಹೇಳುತ್ತಾರೆ. ಅಗತ್ಯ ಹೀಗೆ ಹೆಚ್ಚಿದ ಹೊತ್ತಿನಲ್ಲೇ ನಾಲಿಗೆಯ ರುಚಿ ಕೆಡುತ್ತದೆ, ಓಕರಿಕೆ ಬರುತ್ತದೆ, ಬಾಯಲ್ಲಿ ಹುಣ್ಣೇಳುತ್ತದೆ. ಮೈ ತೀರ ಸೊರಗಿದರೆ ವೈದ್ಯರು ಔಷಧಿಯ ಪ್ರಮಾಣವನ್ನು ಇಳಿಸಬೇಕಾಗುತ್ತದೆ, ಇಲ್ಲವೆ ಮುಂದಿನ ಸರದಿಯನ್ನು ಮುಂದೂಡಬೇಕಾಗುತ್ತದೆ. ವಿಕಿರಣ ಚಿಕಿತ್ಸೆ ನಡುವೆ ನಿಂತರೆ ಅದರ ಫಲವೇ ಕುಂದುತ್ತದೆ. ಸರಕಾರ ಲಕ್ಷಗಟ್ಟಲೆ ವ್ಯಯಿಸಿದ ಚಿಕಿತ್ಸೆಯೊಂದು ಕೆಲವು ನೂರು ರೂಪಾಯಿಗಳ ಹಾಲು ಮೊಟ್ಟೆಯಿಲ್ಲದೆ ಅರ್ಧಕ್ಕೆ ನಿಲ್ಲುವುದಾದರೆ, ಆ ಲೆಕ್ಕಾಚಾರದಲ್ಲಿ ಎಲ್ಲೋ ದೋಷವಿದೆಯೆಂದೇ ಅರ್ಥ.

ಬೇಕಾದುದಾದರೂ ಎಷ್ಟು? ದಿನಕ್ಕೆ 2 ಮೊಟ್ಟೆ, ಅರ್ಧ ಲೀಟರ್ ಹಾಲು, 50 ಗ್ರಾಂ ಕಡಲೆಕಾಯಿ ಬೀಜ, 50 ಗ್ರಾಂ ತೊಗರಿಬೇಳೆ. ಇಷ್ಟರಿಂದಲೇ ಸುಮಾರು 50 ಗ್ರಾಂ ಪ್ರೋಟೀನ್ ಒದಗುತ್ತದೆ. ಮನೆಯ ರಾಗಿ, ಅಕ್ಕಿಗಳಿಂದ ಬರುವುದು ಬೇರೆ. ಈಗಿನ ಧಾರಣೆಯಲ್ಲಿ ತಿಂಗಳಿಗೆ ಸುಮಾರು ಒಂದೂವರೆ ಸಾವಿರ ರೂಪಾಯಿಯ ಮಾತು. ಕಡಲೆಕಾಯಿಯಂತೂ ನಮ್ಮದೇ ನೆಲದ ಬೆಳೆ. ಪಾವಗಡ, ಶಿರಾ, ಮಧುಗಿರಿಗಳ ಖುಷ್ಕಿ ಹೊಲಗಳಲ್ಲಿ ಮಳೆಯನ್ನೇ ನಂಬಿ ಅದನ್ನು ಬೆಳೆಯುವ ರೈತನೇ ರೋಗಿಯಾದಾಗ, ಬೀಜವನ್ನೆಲ್ಲ ಸಾಲಕ್ಕೆ ಮಾರಿ ಮೈಮರೆಸುವ ಬಣ್ಣದ ಡಬ್ಬಿಯ ಪುಡಿಯನ್ನು ದುಬಾರಿ ಬೆಲೆಗೆ ಕೊಳ್ಳುವುದು ಎಂಥ ವಿಪರ್ಯಾಸ! ಗಂಟಲಿನಲ್ಲಿ ಏನೂ ಇಳಿಯದವರಿಗೆ, ಕೊಳವೆಯ ಮೂಲಕ ಆಹಾರ ಪಡೆಯುವವರಿಗೆ ವೈದ್ಯರು ಬರೆದುಕೊಟ್ಟ ಪುಡಿ ಬೇಕಾದೀತು; ಅದು ಬೇರೆ ಮಾತು. ಉಳಿದವರಿಗೆ ಹುರಿದು ಪುಡಿಮಾಡಿದ ಕಡಲೆಬೀಜವನ್ನು ಹಾಲು ಬೆರೆಸಿದ ರಾಗಿಗಂಜಿಗೆ ಕಲಸಿ ಕೊಟ್ಟರೆ ಅದೇ ಉತ್ತಮ ಆಹಾರ.

ಬಡತನದ ಜೊತೆಗೆ ಇನ್ನೊಂದು ಶತ್ರುವೂ ನಮ್ಮ ಮನೆಗಳಲ್ಲಿದೆ: ಅನಗತ್ಯ ಪಥ್ಯ. ಕಾಯಿಲೆಯವರಿಗೆ ಮೊಟ್ಟೆ ಉಷ್ಣ, ಮಾಂಸ ನಂಜು, ಹಾಲು ಕಫವೆಂದು ತಿಳಿಸಾರಿನ ಅನ್ನದಲ್ಲೇ ತಿಂಗಳುಗಳನ್ನು ಕಳೆಯಿಸುವ ಹಿರಿಯರಿದ್ದಾರೆ. ಅವರ ಪ್ರೀತಿಯಲ್ಲಿ ಕೊರತೆಯಿಲ್ಲ, ಆದರೆ ಫಲಿತಾಂಶ ಉಪವಾಸವೇ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು ಅಗತ್ಯವಾಗಿ ವೈದ್ಯರನ್ನು ಕೇಳಿ ನಡೆಯಲಿ. ಉಳಿದವರಿಗೆ ಚೆನ್ನಾಗಿ ಬೇಯಿಸಿದ ಮೊಟ್ಟೆ, ಕಾಯಿಸಿದ ಹಾಲು ನಂಜಾಗದು. ರೋಗ ಅಂಟೀತೆಂಬ ಭಯದಿಂದ ತಟ್ಟೆ ಲೋಟಗಳನ್ನು ಬೇರೆಯಿಡುವ ಮನೆಗಳೂ ಉಂಟು. ಒಟ್ಟಿಗೆ ಕುಳಿತು ಉಂಡರೆ ಕ್ಯಾನ್ಸರ್ ಅಂಟುವುದಿಲ್ಲ. ಒಂಟಿಯಾಗಿ ಕುಳಿತವನಿಗೆ ಮಾತ್ರ ತುತ್ತು ಇಳಿಯುವುದಿಲ್ಲ.

ಇನ್ನು ಸರಕಾರದ ಹೊಣೆಯ ವಿಷಯ. ಕ್ಷಯರೋಗಿಗೆ ಆಹಾರವೂ ಔಷಧಿಯೇ ಎಂಬುದನ್ನು ಸರಕಾರ ಎಂದೋ ಒಪ್ಪಿಕೊಂಡಿದೆ. 2018ರ ಏಪ್ರಿಲ್‌ನಿಂದ ನಿಕ್ಷಯ ಪೋಷಣ ಯೋಜನೆಯಡಿ ಚಿಕಿತ್ಸೆಯಲ್ಲಿರುವ ಕ್ಷಯರೋಗಿಗಳ ಖಾತೆಗೆ ತಿಂಗಳಿಗೆ 500 ರೂಪಾಯಿ ಸಂದಾಯವಾಗುತ್ತಿತ್ತು. 2024ರ ನವೆಂಬರ್‌ನಿಂದ ಅದು 1000 ರೂಪಾಯಿಗೆ ಏರಿತು. 2022ರಲ್ಲಿ ಆರಂಭವಾದ ನಿಕ್ಷಯ ಮಿತ್ರ ವ್ಯವಸ್ಥೆಯಲ್ಲಿ ವ್ಯಕ್ತಿಗಳೂ ಸಂಘಸಂಸ್ಥೆಗಳೂ ರೋಗಿಗಳಿಗೆ ಆಹಾರದ ಬುಟ್ಟಿ ಒದಗಿಸಲು ಅವಕಾಶವಿದೆ. ಇದೇ ನ್ಯಾಯ ಕ್ಯಾನ್ಸರ್ ಪೀಡಿತರಿಗೆ ಏಕೆ ಅನ್ವಯಿಸಬಾರದು? ಚಿಕಿತ್ಸೆಗೆ ಮಂಜೂರಾತಿ ಪಡೆದವರ ಹೆಸರುಗಳು ಯೋಜನೆಯ ದಾಖಲೆಯಲ್ಲೇ ಇರುತ್ತವೆ. ಹೊಸದಾಗಿ ಸಮೀಕ್ಷೆ ನಡೆಸಬೇಕಾದ ಅಗತ್ಯವೂ ಇಲ್ಲ. ನಾಲ್ಕು ತಾಲ್ಲೂಕುಗಳ ಜನಪ್ರತಿನಿಧಿಗಳು ಇದನ್ನು ವಿಧಾನಸಭೆಯಲ್ಲಿ ಎತ್ತಬೇಕೆಂಬುದು ನಮ್ಮ ಆಗ್ರಹ.

ಅಲ್ಲಿಯವರೆಗೆ ಹಸಿವು ಕಾಯುವುದಿಲ್ಲ. ಈ ತಾಲ್ಲೂಕುಗಳಲ್ಲಿ ಕ್ರೈಸ್ತರಾದ ನಮ್ಮ ಸಂಖ್ಯೆ ಅತ್ಯಲ್ಪ, ನಿಜ. ಆದರೆ ಒಬ್ಬ ರೋಗಿಯ ತಿಂಗಳ ಆಹಾರವನ್ನು ಐದು ಕುಟುಂಬಗಳು ಹಂಚಿಕೊಂಡರೆ ಒಂದೊಂದಕ್ಕೆ ಬರುವುದು ಮುನ್ನೂರು ರೂಪಾಯಿ. ರೋಗಿ ಯಾವ ಜಾತಿ, ಯಾವ ಮತದವನೆಂಬುದು ಇಲ್ಲಿ ಪ್ರಶ್ನೆಯಾಗಕೂಡದು. ಬಡವರ ಮನೆಗಳಿಗೆ ಸ್ವತಃ ಹೋಗಿ ನೆರವಾಗುವ ಪದ್ಧತಿ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರಿಗೆ ಹೊಸದೇನಲ್ಲ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಓಜಾನಾಂ ಮತ್ತು ಅವರ ಗೆಳೆಯರು ಆರಂಭಿಸಿದ್ದೇ ಹಾಗೆ. ಒಮ್ಮೆ ಬಾಳೆಹಣ್ಣು, ಹಾರ್ಲಿಕ್ಸ್ ಹಿಡಿದು ಹೋಗಿ ನೋಡಿಬಂದು ಮರೆತುಬಿಡುವ ಭೇಟಿಗಳು ನಮ್ಮಲ್ಲಿ ಧಾರಾಳವಾಗಿವೆ. ಬೇಕಾದುದು ಚಿಕಿತ್ಸೆ ಮುಗಿಯುವ ತನಕ, ಆರು ತಿಂಗಳಾದರೂ ತಪ್ಪದೆ ತಲಪುವ ನೆರವು. ನಗದಿಗಿಂತ ಪದಾರ್ಥವೇ ಮೇಲೆಂದು ನಮ್ಮ ಎಣಿಕೆ. ಸಾಲಗಾರನ ಕಣ್ಣು ನೋಟಿನ ಮೇಲೆ ಬಿದ್ದಂತೆ ಮೊಟ್ಟೆಯ ಮೇಲೆ ಬೀಳದು. ಊರಿನ ಅಂಗಡಿಯವರೊಡನೆ, ಹಾಲಿನ ಡೇರಿಯವರೊಡನೆ ಮೊದಲೇ ಮಾತನಾಡಿ ಲೆಕ್ಕ ಬರೆಸಿದರೆ ಹೊತ್ತೊಯ್ಯುವ ಶ್ರಮವೂ ಇಲ್ಲ. ಫೋಟೋ ತೆಗೆಸುವ ಗೋಜೂ ಬೇಡ. ಸಾಧ್ಯವಾದರೆ ಆರೈಕೆಗೆ ನಿಂತವರ ಪಾಲಿನದನ್ನೂ ಸೇರಿಸಿ ಕಳುಹಿಸಿರಿ. ಇಲ್ಲವಾದರೆ ಎರಡು ಮೊಟ್ಟೆಯಲ್ಲಿ ಒಂದು ಮನೆಯ ಮಗುವಿನ ತಟ್ಟೆ ಸೇರುತ್ತದೆ, ಅದನ್ನು ತಪ್ಪೆನ್ನುವವರು ಯಾರು? ಕಡಲೆಕಾಯಿ ಕೊಡುವವರು ಬೂಷ್ಟು ಹಿಡಿದುದನ್ನು ಆರಿಸಿ ತೆಗೆದು ಕೊಡಲಿ. ಆ ಬೂಷ್ಟಿನ ವಿಷವೇ ಪಿತ್ತಜನಕಾಂಗದ ಕ್ಯಾನ್ಸರಿಗೆ ಕಾರಣವಾಗಬಲ್ಲದು.