ಸ್ಪೀಡ್ ಜಾಸ್ತಿ ಮಾಡ್ಲಾ ಅಜ್ಜಿ?

ದಸರಾ ರಜೆಗೆ ದಾವಣಗೆರೆಯಿಂದ ಮೊಮ್ಮಕ್ಕಳಿಬ್ಬರೂ ಮತ್ತೋಡಿಗೆ ಬಂದಿದ್ದರು. ಮೊಮ್ಮಗಳು ಏಳನೇ ತರಗತಿ, ಮೊಮ್ಮಗ ಐದು. ನಾಲ್ಕು ದಿನ ತೋಟ, ಬಾವಿ, ಎಮ್ಮೆ ಕರು ಎಲ್ಲ ಮುಗಿದ ಮೇಲೆ ಐದನೇ ದಿನ ಮಧ್ಯಾಹ್ನ ‘ಅಜ್ಜಿ, ಬೋರು’ ಶುರುವಾಯಿತು. ಸಿನಿಮಾ ಹಾಕಿ ಅಂದರು. ನಾನು ಸೌಂದರ್ಯ ಇರುವ ಸಿನಿಮಾ ಹಾಕ್ತೀನಿ ಅಂದೆ. ಇಬ್ಬರೂ ಕುಣಿದರು. ಅವರ ತಲೆಯಲ್ಲಿ ಇದ್ದದ್ದು ‘ಆಪ್ತಮಿತ್ರ’, ನನ್ನ ತಲೆಯಲ್ಲಿ ಇದ್ದದ್ದು ‘ದ್ವೀಪ’. ನಾನು ಸುಳ್ಳು ಹೇಳಲಿಲ್ಲ, ಆದರೆ ಪೂರ್ತಿ ನಿಜವನ್ನೂ ಹೇಳಲಿಲ್ಲ.

ಅದೇ ದಿನ ನನ್ನ ನಾದಿನಿಯೂ ಮನೆಗೆ ಬಂದಿದ್ದಳು. ಅವಳ ಮನೆ ಇರುವುದು ವಾಣಿವಿಲಾಸ ಸಾಗರದ ಹಿನ್ನೀರಿನ ಕಡೆಗೆ. ಮಕ್ಕಳು ಅವಳನ್ನು ಸಣ್ಣಜ್ಜಿ ಅನ್ನುತ್ತಾರೆ. ಮಡಿಲಲ್ಲಿ ಮೊರ ಇಟ್ಟುಕೊಂಡು ಸಾವೆ ಹಸನು ಮಾಡುತ್ತಾ ಅವಳೂ ಟಿವಿ ಮುಂದೆ ಕೂತಳು.

‘ದ್ವೀಪ’ ಗೊತ್ತಿಲ್ಲದ ಮಕ್ಕಳಿಗೆ ಎರಡು ಮಾತು. ನಾ. ಡಿಸೋಜ ಅವರ ಕಾದಂಬರಿಯಿಂದ ಗಿರೀಶ್ ಕಾಸರವಳ್ಳಿ ಮಾಡಿದ ಸಿನಿಮಾ ಇದು. ಸೌಂದರ್ಯ ಅವರೇ ನಿರ್ಮಾಪಕಿ. ಅಣೆಕಟ್ಟು ಕಟ್ಟಿದ್ದಾರೆ, ನೀರು ಏರುತ್ತಿದೆ, ಸುತ್ತಲಿನ ಊರು ಖಾಲಿಯಾಗುತ್ತಿದೆ. ಬೆಟ್ಟದ ಮೇಲಿನ ದೇವಸ್ಥಾನವನ್ನು ನಂಬಿ ಬದುಕಿದ ಒಂದು ಮನೆ ಮಾತ್ರ ಕದಲುವುದಿಲ್ಲ. ಮನೆಯಲ್ಲಿ ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ. ಆ ವರ್ಷದ ಅತ್ಯುತ್ತಮ ಚಿತ್ರ ಅಂತ ದೇಶದ ದೊಡ್ಡ ಪ್ರಶಸ್ತಿ ಸ್ವರ್ಣ ಕಮಲ ಇದಕ್ಕೆ ಬಂತು. ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’ ಆದ ಮೇಲೆ ಕಾಸರವಳ್ಳಿಯವರಿಗೆ ಇದು ನಾಲ್ಕನೆಯದು. ಕ್ಯಾಮೆರಾ ಹಿಡಿದ ಎಚ್.ಎಂ. ರಾಮಚಂದ್ರ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಗುಟ್ಟು ಬಿಚ್ಚುತ್ತೇನೆ. ಬಹಳ ವರ್ಷದ ಹಿಂದೆ ಟಿವಿಯಲ್ಲಿ ಇದನ್ನು ಮೊದಲ ಸಲ ನೋಡುವಾಗ ನಾನು ಅರ್ಧದಲ್ಲೇ ನಿದ್ದೆ ಹೋಗಿದ್ದೆ. ಎದ್ದಾಗಲೂ ಮಳೆ ಬರುತ್ತಲೇ ಇತ್ತು, ನಾಗಿ ನೀರು ನೋಡುತ್ತಲೇ ಇದ್ದಳು. ಮಾರನೇ ದಿನ ಶಾಲೆಯಲ್ಲಿ ಜೊತೆಯ ಮೇಷ್ಟ್ರುಗಳೆಲ್ಲ ‘ಅದ್ಭುತ’ ಅಂದಾಗ ನಾನೂ ತಲೆ ಆಡಿಸಿದೆ. ಎಲ್ಲರಿಗೂ ಕಂಡದ್ದು ನನಗೊಬ್ಬಳಿಗೇ ಕಾಣಲಿಲ್ಲವಲ್ಲ, ನನಗೆ ಬುದ್ಧಿ ಕಡಿಮೆಯೇನೋ ಅಂತ ಒಳಗೊಳಗೇ ನಾಚಿಕೆ. ಓದುಗ ಅಜ್ಜ ಅಜ್ಜಿಯರೇ, ನಿಮಗೂ ಯಾವುದಾದರೂ ಪ್ರಶಸ್ತಿ ಸಿನಿಮಾದ ಮುಂದೆ ಹೀಗಾಗಿದ್ದರೆ ಸಂಕೋಚ ಬೇಡ.

ಈ ಸಲ ಮೊದಲ ಹತ್ತು ನಿಮಿಷ ಚೆನ್ನಾಗಿಯೇ ಸಾಗಿತು. ಗಣಪನ ಪಾತ್ರದ ಅವಿನಾಶ್ ಅವರನ್ನು ಕಂಡು ಮೊಮ್ಮಗ ‘ಅಯ್ಯೋ, ಆಪ್ತಮಿತ್ರದ ಆಚಾರ್ಯರು!’ ಅಂತ ಕೂಗಿದ. ಇನ್ನು ಮಂತ್ರ ಹಾಕುತ್ತಾರೆ, ದೆವ್ವ ಬರುತ್ತದೆ ಅಂತ ಕಾದ. ದುಗ್ಗಜ್ಜನಾದ ಎಂ.ವಿ. ವಾಸುದೇವರಾವ್ ಅವರನ್ನು ಕಂಡು ನಮ್ಮ ಯಜಮಾನರು ಒಳಗಿನಿಂದ ಎದ್ದು ಬಂದು ‘ಇವರೇ ಕಣ್ರೋ ಚೋಮನ ದುಡಿಯ ಚೋಮ’ ಅಂದು, ಐದು ನಿಮಿಷ ನಿಂತು ನೋಡಿ, ಮತ್ತೆ ಹೋಗಿ ಮಲಗಿದರು.

ಮುಕ್ಕಾಲು ಗಂಟೆ ಆಗುವಷ್ಟರಲ್ಲಿ ಮೊಮ್ಮಗ ನೆಲದ ಮೇಲೆ ಅಂಗಾತ ಬಿದ್ದುಕೊಂಡಿದ್ದ.

‘ಅಜ್ಜಿ, ಕಥೆ ಯಾವಾಗ ಶುರುವಾಗುತ್ತೆ?’

‘ಶುರುವಾಗಿದೆಯಲ್ಲೋ.’

‘ಬರೀ ಮಳೆ ಬರ್ತಿದೆ. ಸ್ಪೀಡ್ ಜಾಸ್ತಿ ಮಾಡ್ಲಾ?’

ನಾನು ಬೇಡ ಅನ್ನುವುದರೊಳಗೆ ಮೊಬೈಲಿನಲ್ಲಿ ಏನೋ ಒತ್ತಿದ. ಒಂದಕ್ಕೆ ಎರಡು ಪಟ್ಟು ವೇಗ. ನಾಗಿ ಟುಕುಟುಕು ಅಂತ ಗೊಂಬೆ ಹಾಗೆ ಓಡಿದಳು, ಮಳೆ ಸೂಜಿ ಸೂಜಿಯಾಗಿ ಬಿತ್ತು, ಮಾತು ಕೀಚುಕೀಚು ಆಯಿತು. ಮಕ್ಕಳಿಬ್ಬರೂ ಬಿದ್ದು ಬಿದ್ದು ನಕ್ಕರು. ನಿಜ ಹೇಳುತ್ತೇನೆ, ನಾನೂ ನಕ್ಕೆ.

ನಾದಿನಿ ಮಾತ್ರ ನಗಲಿಲ್ಲ. ಮೊರ ಕೆಳಗಿಟ್ಟಳು. ‘ಅದನ್ನ ಮೊದ್ಲಿನಂಗೆ ಮಾಡೋ ಮಗಾ. ನೀರು ಹಂಗೆ ಬರಲ್ಲ’ ಅಂದಳು.

ಅವಳ ಮಾತಿನ ಹಿಂದೆ ಏನಿತ್ತು ಅಂತ ಹೇಳಬೇಕಾದರೆ 2022ಕ್ಕೆ ಹೋಗಬೇಕು. ನಮ್ಮದು ಮಳೆ ಕಾಣದ ಸೀಮೆ. ರಾಗಿ, ಸಾವೆ, ಶೇಂಗಾ ಹಾಕಿ ಮುಗಿಲು ನೋಡುತ್ತಾ ಕೂರುವ ಜನ ನಾವು. ಮಳೆಗೆ ಹೆದರುವವರ ಕಥೆ ನನಗೆ ಮೊದಲ ಸಲ ಯಾಕೆ ಹಿಡಿಸಲಿಲ್ಲ ಅನ್ನುವುದಕ್ಕೆ ಇದೂ ಕಾರಣ ಇರಬೇಕು. ಮಲೆನಾಡಿನವರು ಮಳೆ ಜಾಸ್ತಿಯಾಯಿತು ಅಂತ ಗೋಳಾಡಿದರೆ ನಮಗೆ, ಊಟ ಜಾಸ್ತಿಯಾಯಿತು ಅಂದ ಹಾಗೆ ಕೇಳಿಸುತ್ತದೆ. ವೇದಾವತಿಗೆ ಅಡ್ಡಲಾಗಿ ಹಿರಿಯೂರು ಕಡೆ ಕಟ್ಟಿದ ಮಾರಿಕಣಿವೆ ಅಣೆಕಟ್ಟು, ಅಂದರೆ ವಾಣಿವಿಲಾಸ ಸಾಗರ, ಮುಗಿದದ್ದು 1907ರಲ್ಲಿ. 1933ರಲ್ಲಿ ತುಂಬಿ ಕೋಡಿ ಬಿದ್ದದ್ದನ್ನು ನನ್ನ ಅಜ್ಜಿ ಹೇಳುತ್ತಿದ್ದರು. ಆಮೇಲೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. 89 ವರ್ಷ! ಮಕ್ಕಳೇ, ನಿಮ್ಮ ಅಜ್ಜಿ ಹುಟ್ಟುವ ಮೊದಲು ಒಂದು ಸಲ ಬಂದ ನೆಂಟರು, ನೀವು ಹುಟ್ಟಿದ ಮೇಲೆ ಮತ್ತೆ ಬಂದರು ಅಂದ ಹಾಗೆ.

ಜಿಲ್ಲೆಯೆಲ್ಲ ಜಾತ್ರೆ. ನಾವೂ ಕಾರು ಮಾಡಿಕೊಂಡು ಹೋದೆವು. ಕೋಡಿಯಲ್ಲಿ ಹಾಲಿನ ಹಾಗೆ ಬೀಳುವ ನೀರು ನೋಡಿ ನನಗೆ ಅಳುವೇ ಬಂತು. ಹೂವು ಬಿಟ್ಟು ಕೈಮುಗಿದೆ. ಫೋಟೋ ತೆಗೆಸಿಕೊಂಡು ಅಲ್ಲಿಂದಲೇ ನಾದಿನಿಗೆ ಕಳಿಸಿದೆ. ‘ನೋಡೇ, ಗಂಗಮ್ಮ ಬಂದವ್ಳೆ’ ಅಂತ.

ಅವಳು ಉತ್ತರ ಕೊಡಲಿಲ್ಲ. ಸಂಜೆ ಫೋನ್ ಮಾಡಿದಾಗ ಗೊತ್ತಾಯಿತು. ಅಣೆಕಟ್ಟಿನ ಮುಂದೆ ಇದ್ದವರಿಗೆ ಜಾತ್ರೆ, ಹಿಂದೆ ಇದ್ದವರಿಗೆ ಮುಳುಗಡೆ. ಹಿನ್ನೀರು ನಮ್ಮ ಹೊಸದುರ್ಗ ತಾಲ್ಲೂಕಿನ ಒಳಗೆ ಚಾಚಿ ಎಷ್ಟೋ ಜನರ ಹೊಲ, ತೋಟಕ್ಕೆ ನುಗ್ಗಿತ್ತು. ನೀರು ಅಷ್ಟು ಮೇಲೆ ಬರುತ್ತದೆ ಅಂತ ಬದುಕಿದ್ದವರು ಯಾರಿಗೂ ನೆನಪೇ ಇರಲಿಲ್ಲ. ನಾನು ಕಳಿಸಿದ ಫೋಟೋ ಅವಳಿಗೆ ಮುಟ್ಟಿದಾಗ ಅವಳು ಅಡಿಕೆ ಸಾಲಿನ ನಡುವೆ ಮೊಣಕಾಲು ನೀರಿನಲ್ಲಿ ನಿಂತಿದ್ದಳು. ಆ ಫೋಟೋ ಬಗ್ಗೆ ಇವತ್ತಿಗೂ ನಾವಿಬ್ಬರೂ ಮಾತಾಡಿಲ್ಲ.

ಅವತ್ತು ಟಿವಿ ಮುಂದೆ ಅವಳು ಮಕ್ಕಳಿಗೆ ಹೇಳಿದ್ದನ್ನು ನಾನೂ ಮೊದಲ ಸಲ ಕೇಳಿದೆ. ನೀರು ಬಂದದ್ದು ಸಿನಿಮಾದ ಪ್ರವಾಹದ ಹಾಗೆ ಭೋರ್ಗರೆದು ಅಲ್ಲವಂತೆ. ಸಂಜೆ ನೀರಿನ ಅಂಚಿಗೆ ಒಂದು ಕೋಲು ನೆಟ್ಟು ಬರುವುದು. ಬೆಳಿಗ್ಗೆ ಹೋದರೆ ಕೋಲು ನೀರಿನ ಒಳಗೆ. ಮತ್ತೊಂದು ಕೋಲು. ಸದ್ದಿಲ್ಲ, ಗದ್ದಲವಿಲ್ಲ. ‘ಅಡುಗೆ ಮಾಡ್ತಿದ್ವಿ, ಉಣ್ತಿದ್ವಿ, ಹಸ ಕರೀತಿದ್ವಿ. ಮಧ್ಯೆ ಮಧ್ಯೆ ಹೋಗಿ ಕೋಲು ನೋಡ್ತಿದ್ವಿ. ಅಷ್ಟೆಯ. ಇವ್ಳು ಮಾಡ್ತಿರೋದೂ ಅದೇ ಅಲ್ವಾ’ ಅಂತ ನಾಗಿಯತ್ತ ಗಲ್ಲ ತೋರಿಸಿದಳು.

ಮೊಮ್ಮಗ ಎದ್ದು ಕೂತ. ‘ಎಷ್ಟು ಕೋಲು ಮುಳುಗಿದ್ವು ಸಣ್ಣಜ್ಜಿ?’

‘ಹನ್ನೊಂದು.’

ನನ್ನನ್ನು ನಿದ್ದೆಗೆ ಕಳಿಸಿದ್ದ ಆ ದೃಶ್ಯಗಳನ್ನೇ ಆಮೇಲೆ ನಾನು ಕಣ್ಣು ಕೀಳದೆ ನೋಡಿದೆ. ನೀರು ಎಲ್ಲಿಗೆ ಬಂತು ಅಂತ ನಾಗಿಯ ಜೊತೆ ನಾನೂ ಅಳೆಯುತ್ತಿದ್ದೆ.

ಹಾಗಂತ ಪೂರ್ತಿ ಒಪ್ಪಿದೆ ಅಂತಲ್ಲ. ತವರಿನ ಕಡೆಯ ಹುಡುಗ ಕೃಷ್ಣ ಸಹಾಯಕ್ಕೆ ಬಂದ ಮೇಲೆ ಗಣಪನಿಗೆ ಹೊಟ್ಟೆಕಿಚ್ಚು ಶುರುವಾಗುತ್ತದಲ್ಲ, ಆ ಭಾಗ ಈಗಲೂ ಎಳೆದಂತೆಯೇ ಕಾಣುತ್ತದೆ. ಗಣಪ ಮುಖ ಗಂಟು ಹಾಕುತ್ತಾನೆ, ನಾಗಿ ಸುಮ್ಮನಾಗುತ್ತಾಳೆ, ಮತ್ತೆ ಗಂಟು, ಮತ್ತೆ ಮೌನ. ಒಂದು ಸಲಕ್ಕೇ ನಮಗೆ ಅರ್ಥವಾಗಿರುತ್ತದೆ. ನೀರು ನಿಧಾನವಾದರೆ ಸರಿ, ಮುನಿಸೂ ಅಷ್ಟೇ ನಿಧಾನ ಆಗಬೇಕೇ? ಇನ್ನೊಂದು ತಕರಾರು: ಮಳೆ ಬಹಳ ಚಂದ ಕಾಣುತ್ತದೆ. ಮನೆ ಮುಳುಗುವವರ ಮಳೆ ಇಷ್ಟು ಚಂದ ಇರಬೇಕೇ ಅಂತ ನನಗೆ ಅನುಮಾನ. ನಾದಿನಿ ಇದನ್ನು ಒಪ್ಪಲಿಲ್ಲ. ‘ಚಂದಾನೇ ಇತ್ತು ಅತ್ಗೆ. ಬೆಳ್ದಿಂಗ್ಳಲ್ಲಿ ತೆಂಗಿನ ಮರ ಎಲ್ಲ ನೀರಾಗೆ ನಿಂತಿದ್ವು’ ಅಂದಳು.

ಅವಳಿಗೆ ಹಿಡಿಸದೆ ಇದ್ದದ್ದು ಹುಲಿ ಬರುವ ಭಯ. ‘ಹುಲಿಗಿಲಿ ಯಾಕೆ ಬೇಕಿತ್ತು, ನೀರೇ ಸಾಕಾಗಿತ್ತು’ ಅಂದಳು. ಮೊಮ್ಮಗನಿಗೆ ಇಡೀ ಸಿನಿಮಾದಲ್ಲಿ ಹಿಡಿಸಿದ್ದು ಅದೊಂದೇ.

ಕೊನೆ ಹೇಳಿಬಿಟ್ಟರೆ ನೋಡುವವರಿಗೆ ಮಜಾ ಇರುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ: ಕಷ್ಟವೆಲ್ಲ ಮುಗಿದ ಮೇಲೆ ಗಣಪ ಯಾರು ಯಾರಿಗೆ ಉಪಕಾರ ನೆನೆಯುತ್ತಾನೆ ಅಂತ ಕಿವಿಗೊಟ್ಟು ಕೇಳಿ. ಏಳನೇ ತರಗತಿಯ ನಮ್ಮ ಹುಡುಗಿಗೆ ಅದು ತಟ್ಟನೆ ಹೊಳೆಯಿತು. ‘ಇವ್ಳ ಹೆಸ್ರೇ ಹೇಳ್ಲಿಲ್ಲ!’ ಅಂತ ದಿಂಬು ಎಸೆದಳು. ಇಷ್ಟು ಹೊತ್ತು ಮಲಗಿದ್ದ ಯಜಮಾನರು ಸರಿಯಾಗಿ ಆಗಲೇ ಎದ್ದು ಬಂದು ‘ಕಾಫಿ ಆಯ್ತಾ?’ ಅಂದರು. ನಾವು ಮೂವರು ಹೆಂಗಸರು ಅವರನ್ನು ನೋಡಿದ ನೋಟಕ್ಕೆ ಪಾಪ, ತಾವೇ ಒಲೆ ಹಚ್ಚಿದರು.

ಡಿಸೋಜ ಅವರು ಕೆಲಸದ ಮೇಲೆ ಶರಾವತಿ ಕಡೆಯ ಮುಳುಗಡೆಯನ್ನು ಹತ್ತಿರದಿಂದ ಕಂಡವರು. ಮಕ್ಕಳಿಗಾಗಿಯೇ ಅವರು ಬರೆದ ‘ಮುಳುಗಡೆಯ ಊರಿಗೆ ಬಂದವರು’ ಪುಸ್ತಕಕ್ಕೆ 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಿತ್ತು. 2025ರ ಜನವರಿಯಲ್ಲಿ ಅವರು ತೀರಿಕೊಂಡರು. ಸಿನಿಮಾ ನಿಧಾನ ಅನ್ನಿಸಿದ ಮಕ್ಕಳು ಆ ಪುಸ್ತಕ ಹಿಡಿಯಬಹುದು, ಅದರಲ್ಲಿ ಸ್ಪೀಡ್ ನಿಮ್ಮ ಕೈಯಲ್ಲೇ ಇರುತ್ತದೆ.

ಮಾರನೇ ದಿನ ನಾದಿನಿ ಹೊರಟಾಗ ಮಕ್ಕಳೂ ಅವಳ ಊರಿಗೆ ಹೋದರು. ಸಂಜೆ ಮೊಮ್ಮಗನ ಫೋನ್.

‘ಅಜ್ಜಿ, ಒಂದು ಕೋಲು ಇನ್ನೂ ಇದೆ! ಸಣ್ಣಜ್ಜಿ ತೋರಿಸಿದ್ರು. ಮನೆಯಿಂದ ಎಷ್ಟು ಹೆಜ್ಜೆ ಗೊತ್ತಾ? ನಾನು ಎಣಿಸ್ತಾ ಇದೀನಿ, ತಡಿ.’

ಎಣಿಸಿ ಮುಗಿಸುವವರೆಗೂ ನಾನು ಫೋನ್ ಕಿವಿಗಿಟ್ಟುಕೊಂಡೇ ನಿಂತಿದ್ದೆ.