ಬಾಟಲಿ ಬೋರಲು ಹಾಕಿ ಊರಿಗೆ ಹೋಗಬಹುದೇ?

ನೀರು ತುಂಬಿದ ಬಾಟಲಿಯನ್ನು ಕುಂಡದಲ್ಲಿ ಬೋರಲು ನೆಟ್ಟರೆ ಹದಿನೈದು ದಿನ ಚಿಂತೆಯಿಲ್ಲ ಎನ್ನುವ ಫಾರ್ವರ್ಡ್ ಬೇಸಿಗೆ ರಜೆ ಬಂದರೆ ಸಾಕು, ಮತ್ತೆ ಓಡಾಡುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಅದನ್ನು ನಂಬಿ ಮನೆಗೆ ಬೀಗ ಹಾಕಬೇಡಿ. ಸಡಿಲವಾದ ಕೋಕೋಪೀಟ್ ಮಿಶ್ರಣದಲ್ಲಿ ಬಾಟಲಿ ಕೆಲವೇ ಗಂಟೆಗಳಲ್ಲಿ ಖಾಲಿಯಾಗಬಹುದು. ಎರೆಮಣ್ಣಿನಲ್ಲಿ ಬಾಯಿ ಕಟ್ಟಿಕೊಂಡು ಹನಿಯೂ ಇಳಿಯದಿರಬಹುದು. ಕಮಲಾಪುರದಿಂದ ತಂದು ನೆಟ್ಟ ಕೆಂಪು ಬಾಳೆಯ ಕಂದಿಗಂತೂ ಒಂದು ಲೀಟರ್ ಎಲ್ಲಿಗೂ ಸಾಲದು, ಅಗಲ ಎಲೆಗಳಿಂದ ನೀರು ಬೇಗ ಆವಿಯಾಗುತ್ತದೆ. ಬುಡದ ಪಕ್ಕ ಹೂಳಿದ, ಬಣ್ಣ ಬಳಿಯದ ಮಣ್ಣಿನ ಮಡಕೆ ಮೇಲು. ಸುತ್ತಲಿನ ಮಣ್ಣು ಒಣಗಿದಂತೆಲ್ಲ ಅದು ಜಿನುಗುತ್ತದೆ.

ಎರೆಹುಳುಗಳ ಕಥೆಯೇ ಬೇರೆ. ಅವಕ್ಕೆ ಶ್ವಾಸಕೋಶವಿಲ್ಲ, ಒದ್ದೆ ಚರ್ಮದ ಮೂಲಕವೇ ಉಸಿರಾಟ. ಚರ್ಮ ಒಣಗಿದರೂ ಸಾವು, ತೊಟ್ಟಿಯಲ್ಲಿ ನೀರು ನಿಂತು ಗಾಳಿಯಾಡದಿದ್ದರೂ ಸಾವು. ಹೊರಡುವ ಮುಂಚೆ ಎರಡು ಕೊಡ ಸುರಿದರಾಯಿತು ಎನ್ನುವವರು ಎಡವುವುದು ಇಲ್ಲೇ. ಹಿಡಿ ಗೊಬ್ಬರ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಸಾಕು; ತೊಟ್ಟಿ ನೆರಳಲ್ಲಿರಲಿ, ಮೇಲೆ ಒದ್ದೆ ಗೋಣಿತಟ್ಟು ಇರಲಿ. ಹಸಿ ಸಿಪ್ಪೆ ರಾಶಿ ಹಾಕಿ ಹೋದರೆ ಅದು ಕೊಳೆಯುವಾಗ ಬಿಸಿಯೇರಿ ಹುಳುಗಳು ಬೆಂದೇ ಹೋಗುತ್ತವೆ. ವಾರಕ್ಕಿಂತ ಹೆಚ್ಚಿನ ಪ್ರಯಾಣವಾದರೆ ಪಕ್ಕದ ಮನೆಯ ಅಕ್ಕನ ಕೈಗೆ ಕೀಲಿ ಕೊಟ್ಟು ಹೋಗುವುದೇ ನಾವು ಕಂಡ ಒಳ್ಳೆಯ ಉಪಾಯ.